ಎಪ್ಪತ್ತೊಂಬತ್ತನೇ ನಿಮಿಷ

ಜುಲೈ ಹದಿನಾರು ಬಂತೆಂದರೆ ನಿತೆರಾಯ್‌ನ ನಮ್ಮ ಓಣಿಯಲ್ಲಿ
ಬೂಟು ರಿಪೇರಿಯ ಅರ್ಲಿಂದು
ಸೀಮೆಎಣ್ಣೆಯ ಲಾಳಿಕೆ ಬಾಯಿಗೆ ಹಿಡಿಯುತ್ತಿದ್ದ.
ಐವತ್ತರ ವಿಶ್ವಕಪ್ಪು, ಕೊನೆಯ ಪಂದ್ಯ. ಒಂದು-ಒಂದು.
ಡ್ರಾ ಆದರೂ ಸಾಕಿತ್ತು ನಮಗೆ.

ಬಲಗಡೆಯಿಂದ ಬರುತ್ತಿದ್ದಾನೆ ಉರುಗ್ವೆಯವನು,
ಬರುತ್ತಿದ್ದಾನೆ, ಬಂದೇಬಿಟ್ಟ,
ತಡೀರಿ! ಮೈದಾನಕ್ಕೆ ನಾಯಿ ನುಗ್ಗಿದೆ.
ಕಂದು ನಾಯಿ. ಮೊಂಡು ಬಾಲ.

ಮರುವರ್ಷ ರೆಫರಿಯ ಸೀಟಿಯೊಳಗೆ
ಕಡಲೆಬೀಜ ಸಿಕ್ಕಿಕೊಂಡಿತು.
ಅದರ ಮರುವರ್ಷ ಗೋಲುಕಂಬವೇ ನಾಚಿ
ಅರ್ಧ ಅಡಿ ಸರಿದು ನಿಂತಿತು.

ನಾನು ಮೊಳೆ ಹೆಕ್ಕುವ ಹುಡುಗ.
ಎರಡು ಲಕ್ಷ ಜನರ ಗದ್ದಲ ನನ್ನ ಪಾಲಿಗೆ:
ಡಬ್ಬಿಯಲ್ಲಿ ಮೊಳೆ ಅಲ್ಲಾಡಿಸುತ್ತಿದ್ದೆ.

ಎದುರುಮನೆಯ ಎರ್ಸೀಲಿಯಾ
ಮೊಂತೆವಿದೆಯೊದಿಂದ ಮದುವೆಯಾಗಿ ಬಂದವಳು,
ಕಿಟಕಿಗೆ ಮೊಣಕೈ ಊರಿ ಕೇಳುವಳು:
"ಇನ್ನೂ ಗೋಲಾಗಲಿಲ್ಲವೇನಯ್ಯಾ?"
"ಆಟ ಮುಗಿದಿಲ್ಲಮ್ಮ."

ಆ ವರ್ಷ ಅವನ ಗಂಟಲಿಗೆ ಏನೋ ಆಗಿ
ಡಾಕ್ಟರು ಮಾತು ಬೇಡವೆಂದರು.
ಹದಿನಾರರ ಸಂಜೆ ಲಾಳಿಕೆ ಗೋಡೆಯ ಮೇಲೇ ಇತ್ತು.
ಅವಳೇ ರಸ್ತೆ ದಾಟಿ ಬಂದಳು.
ಅದರ ಬಾಯಿಯನ್ನು ಏಪ್ರನ್ನಿಗೆ ಒರೆಸಿಕೊಂಡಳು.
ನ್ಯಾಯವಾಗಿ ಅವಳದೇ ಗೋಲು;
ಓಣಿಯೆಲ್ಲ ಉಗುಳು ನುಂಗಿತು.

"ಬಲಗಡೆಯಿಂದ ಬರ್ತಿದ್ದಾನೆ ನಮ್ಮ ಹುಡುಗ,
ಬರ್ತಿದ್ದಾನೆ..."
ಅರ್ಲಿಂದು ತಲೆಯೆತ್ತಲಿಲ್ಲ.
"ಬಂದ... ಅಯ್ಯೋ, ನಿಂತುಬಿಟ್ಟ!
ಬೂಟಿನ ಅಟ್ಟೆ ಕಿತ್ತಿದೆ.
ಹೊಲಿಯುವವರು ಯಾರಾದರೂ ಇದ್ದೀರಾ ಇಲ್ಲಿ?"

ಡಬ್ಬಿ ಅಲ್ಲಾಡಿಸುವುದನ್ನು ಮರೆತೆ.
ಅವನು ದಬ್ಬಳ ಎತ್ತಿಕೊಂಡ,
ಏನೂ ಅವಸರವಿಲ್ಲದೆ
ದಾರಕ್ಕೆ ಮೇಣ ಸವರತೊಡಗಿದ.