ಮುರಾ, ಹೇಳು ಅವರಿಗೆ

ಗ್ಲ್ದಾನಿಯ ಎಂಟನೇ ಮಹಡಿ. ಲಿಫ್ಟಿಗೆ ಕಾಸು ಹಾಕಬೇಕು:
ಹತ್ತಲು ಇಪ್ಪತ್ತು ತೆತ್ರಿ, ಇಳಿಯುವುದು ಪುಕ್ಕಟೆ.
ಪುಕ್ಕಟೆಯಾದರೂ, ಡಿಪೋ ಮುಚ್ಚಿದ ಮೇಲೆ
ಗುರಾಮ್ ಇಳಿಯುವುದನ್ನೇ ಬಿಟ್ಟ.
ಕಿಟಕಿ ಪಕ್ಕದ ಸ್ಟೂಲು, ಬೂದಿಬಟ್ಟಲು,
ಎದುರು ಕಟ್ಟಡದಲ್ಲಿ ಯಾರದೋ ಒಣಗುವ ಚಾದರ.
ತೇಕ್ಲೆಗೆ ಆಗ ಹದಿನೈದು. ಬಾಗಿಲಿಗೆ ಒಳಗಿನಿಂದ ಚಿಲಕ.
ನಾನು ನಡುವೆ, ಮೊಣಕೈವರೆಗೆ ಬೇಕರಿಯ ಹಿಟ್ಟು.
ಯಾರು ಮೊದಲು ಮಾತು ಬಿಟ್ಟರೋ ನೆನಪಿಲ್ಲ,
ಅದಕ್ಕೆ ಯಾರೂ ಮುಹೂರ್ತ ಇಡುವುದಿಲ್ಲವಲ್ಲ.

ನಾಯಿಯನ್ನು ಯಾರೂ ತಂದದ್ದಲ್ಲ.
ಒಂದು ಫೆಬ್ರವರಿ ಸಂಜೆ ನನ್ನ ಕಾಸಿನಲ್ಲೇ
ನನ್ನ ಜೊತೆ ಲಿಫ್ಟ್ ಹತ್ತಿತು,
ಬಿಸಿ ರೊಟ್ಟಿಯ ಚೀಲಕ್ಕೆ ಮೂಗು ತಾಗಿಸಿಕೊಂಡು.
ಕಿವಿಯಲ್ಲಿ ನಗರಸಭೆಯ ಹಳದಿ ಬಿಲ್ಲೆ.
ಕಪ್ಪಗಿದೆ, ಅದಕ್ಕೇ ಮುರಾ.
ಹೆಸರಿಗೆ ಅಷ್ಟೇ ತಲೆ ಖರ್ಚು ಮಾಡಿದ್ದು.

ಬೆಳಿಗ್ಗೆ ನಾನು ಅಂದೆ:
'ಮುರಾ, ಹೇಳು ನಿನ್ನ ಯಜಮಾನನಿಗೆ, ಹುರುಳಿಕಾಯಿ ಆರುತ್ತಿದೆ.'
ಸ್ಟೂಲಿನಿಂದ ಬಂತು:
'ಮುರಾ, ಹೇಳು ಅವಳಿಗೆ, ಹಸಿವಿಲ್ಲ.'
ಚಿಲಕದ ಹಿಂದಿನಿಂದ:
'ಮುರಾ, ಕೇಳು ಅವರನ್ನ, ನನ್ನ ಶಾಲೆಯ ದುಡ್ಡೆಲ್ಲಿ?'
ಒಬ್ಬೊಬ್ಬರ ಕಡೆಗೂ ತಲೆ ತಿರುಗಿಸುತ್ತಿತ್ತು ಪಾಪ,
ಅಂಚೆಯಣ್ಣನ ಹಾಗೆ,
ಯಾವ ಪತ್ರವನ್ನೂ ಒಡೆದು ಓದದೆ.
ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಅನ್ನುತ್ತಾರೆ;
ನಮ್ಮಲ್ಲಿ ಕೋಪ ಮಾತ್ರವಲ್ಲ,
ಜ್ವರ, ಉಪ್ಪು, ಕರೆಂಟ್ ಬಿಲ್ಲು, ಹುಟ್ಟುಹಬ್ಬ,
ಎಲ್ಲವೂ ನಾಯಿಯ ಮೇಲೇ.

ಅದಕ್ಕೆ ಕೆಳಗೆ ಹೋಗಲೇಬೇಕು, ದಿನಕ್ಕೆ ಎರಡು ಸಲ.
ಹುಳಿ ಪ್ಲಮ್ಮಿನ ಗೊಜ್ಜಿನ ಖಾಲಿ ಬಾಟಲಿಯಲ್ಲಿ
ಗುರಾಮ್ ಚಿಲ್ಲರೆ ಕೂಡಿಡತೊಡಗಿದ.
ಹತ್ತು ನಿಮಿಷ ಅಂತ ಹೋದವನು ಒಂದು ಗಂಟೆ ಬಿಟ್ಟು ಬರುತ್ತಿದ್ದ,
ಮೂಗಿನ ತುದಿ ಕೆಂಪಗೆ,
ಜೇಬಿನಲ್ಲಿ ಯಾರೋ ಕೊಟ್ಟ ಸೂರ್ಯಕಾಂತಿ ಬೀಜ.
ಒಂದು ದಿನ ಟೈರ್ ಅಂಗಡಿಯಲ್ಲಿ ಕೆಲಸ ಹಿಡಿದು ಬಂದ.
ಅಂಗಡಿಯವನು ಮೊದಲು ಗುರುತು ಹಿಡಿದದ್ದು ನಾಯಿಯನ್ನ.
ಅವತ್ತು ನನಗೆ ಹೇಳಲಿಲ್ಲ. ಮುರಾಗೆ ಹೇಳಿದ, ನನಗೆ ಕೇಳುವಷ್ಟು ಜೋರಾಗಿ.

ಆ ಬೇಸಿಗೆ ಕೊಬುಲೇತಿಯ ಸಮುದ್ರಕ್ಕೆ ಹೋಗಲಿಲ್ಲ,
ಹೋಟೆಲಿನವರು ನಾಯಿ ಬೇಡ ಅಂದರು.
ಸೋಫಾ ಬದಲಿಸಲಿಲ್ಲ, ಹೊಸದೂ ಹಳೆಯದಾಗುತ್ತಿತ್ತು.
ಆಮೇಲೆ ಅದರ ಸೊಂಟ ಬಿತ್ತು.
ಲಿಫ್ಟ್ ಕೆಟ್ಟ ದಿನ ಗುರಾಮ್ ಹೊತ್ತು ಹತ್ತುತ್ತಿದ್ದ,
ಇಪ್ಪತ್ತೆಂಟು ಕಿಲೋ, ಪ್ರತಿ ಮಹಡಿಗೂ ಒಮ್ಮೆ ನಿಂತು.
ಕೊನೆಗೆ ಎಂಟನೇ ಮಹಡಿಯ ಬೆಳಕನ್ನೆಲ್ಲ ಕೊಟ್ಟು
ನೆಲಮಾಳಿಗೆಯ ಪಕ್ಕದ ತೇವದ ಮನೆ ಕೊಂಡೆವು.
ಕಿಟಕಿಯಲ್ಲಿ ಈಗ ಜನರ ಮೊಣಕಾಲು ಮಾತ್ರ.
'ನಾಯಿಗೋಸ್ಕರ ಮನೆ ಮಾರಿದಿರಾ!' ನಾದಿನಿ ಜೈರಾ ನಕ್ಕಳು.
ನಗಲಿ. ಮೂರು ವರ್ಷದಲ್ಲಿ ನಾವು ಮೂವರೂ
ಹೂಂ ಅಂದ ಮಾತು ಅದೊಂದೇ.

ಯಾವಾಗ ಕಿವುಡಾಯಿತೋ ಗೊತ್ತಾಗಲಿಲ್ಲ.
ಪಾತ್ರೆ ಬಿದ್ದರೂ ಮಲಗಿರುತ್ತಿತ್ತು.
ಆದರೂ ಹೇಳುತ್ತಿದ್ದೆವು: ಮುರಾ, ಹೇಳು, ಮುರಾ, ಕೇಳು.
ಕಿವುಡು ನಾಯಿಗೆ ಹೇಳಿದ ಮಾತು
ಮತ್ತೆ ಯಾರಿಗೆ ಹೇಳಿದ್ದು,
ಕೇಳಿಸಿಕೊಳ್ಳುತ್ತಿದ್ದವರು ಯಾರು,
ಗೊತ್ತಿದ್ದೂ ಗೊತ್ತಿಲ್ಲದವರಂತೆ ಇದ್ದೆವು.

ನಿನ್ನೆ ರಾತ್ರಿ ಅದನ್ನು ವೈದ್ಯರಲ್ಲಿ ಬಿಟ್ಟು ಬಂದೆವು.
ಹಲ್ಲು ಕೀಳಬೇಕಂತೆ, ನಾಳೆ ಕಳಿಸುತ್ತಾರಂತೆ.
ಊಟಕ್ಕೆ ಕೂತೆವು. ಮೇಜಿನ ಕೆಳಗೆ ಯಾರ ಕಾಲಿಗೂ
ಏನೂ ಬೆಚ್ಚಗೆ ತಾಗಲಿಲ್ಲ.
ನಾನು ಬಾಯಿ ತೆರೆದೆ, 'ಮುರಾ' ಅಂತ ಬಂತು, ನುಂಗಿದೆ.
ಗುರಾಮ್ ಸಾರಿಗೆ ಉಪ್ಪು ಸಾಲದ ಮುಖ ಮಾಡಿದ,
ಯಾರಿಗೆ ಹೇಳುವುದು ಅಂತ ಕೆಳಗೆ ನೋಡಿದ.

ತೇಕ್ಲೆ ಉಪ್ಪಿನ ಬಟ್ಟಲು ಎತ್ತಿ
ಅವನ ಕಡೆ ತಳ್ಳಿದಳು. ಮೇಜು ಕಿರ್ರೆಂದಿತು.
'ತಗೋ ಅಪ್ಪ,' ಅಂದಳು.
ಅವನು ಬೇಕಾದ್ದಕ್ಕಿಂತ ಜಾಸ್ತಿ ಹಾಕಿಕೊಂಡ.
ಆಮೇಲೆ ಕಷ್ಟಪಟ್ಟು ಅಷ್ಟೂ ಉಂಡ.