ಕಾವಲುಗಾರ ೩ರ ಮಗಳ ಲಗ್ನಪತ್ರ

ಹಗಲೆಲ್ಲ ಮಂದಿ ಹೆಸರು ಹೊಂದಿಸೂದು ನನ್ನ ಕೆಲಸ.
ಗದಗಿನ್ಯಾಗ, ಪ್ರೆಸ್ಸಿನ ಅಟ್ಟದ ಮ್ಯಾಲ,
ಕೆಳಗ ಮಷೀನು ಧಡಕ್ ಅಂದಾಗೊಮ್ಮೆ
ಕೀಬೋರ್ಡು ತಾನಾಗೇ ಒಂದು ಗೆಣ್ಣು ಸರೀತೈತಿ.
'ಸುಖಾಗಮನ ಬಯಸುವವರು' ಅನ್ನೂದರ ಕೆಳಗ
ಒಂದು ಹೆಸರು ಬಿಟ್ಟರ
ಬೀಗರ ನಡುವ ಮೂರು ವರ್ಷ ಮಾತಿಲ್ಲ.
ಅದಕ್ಕ ಅಕ್ಷರ ಸಣ್ಣ ಮಾಡತೀನಿ, ಅಂಚು ಒತ್ತರಿಸತೀನಿ,
ಗಣಪ್ಪನ ಸೊಂಡಿ ತುಸು ಮ್ಯಾಲೆತ್ತಿ
ಸೋದರಮಾವನ್ನ ಅದರಡಿ ಕೂಡಸತೀನಿ.

ರಾತ್ರಿ ಹತ್ತರ ಮ್ಯಾಲ ವರ್ಡೇನಿಗೆ ಹೋಗತೀನಿ.
ಹೋಗೂದಂದರ, ಫೋನು ಚಾರ್ಜಿಗೆ ಹಚ್ಚಿ ಗ್ವಾಡಿಗೆ ಒರಗೂದು.
ಅಲ್ಲೆ ಎಲ್ಲಾರೂ ಡ್ರ್ಯಾಗನ್ ಹೊಡಿಯಾಕ ಓಡತಾರ.
ಮುಳಗುಂದ ನಾಕಾದ ಮೊಬೈಲ್ ರಿಪೇರಿ ದಾದಾಪೀರ
ನನಗಿಂತ ನಲವತ್ತು ಲೆವೆಲ್ ಮುಂದ.
ನಾನೂ ಓಡತಿದ್ದೆ,
ಮುರುಕು ಸೇತುವೆ ಮ್ಯಾಲ ಅಂವ ಸಿಗೂತನಕಾ.

ಸಿಗೂದೇನು, ಅಂವ ಯಾವಾಗಲೂ ಅಲ್ಲೇ.
ತಲಿ ಮ್ಯಾಲ ಬೂದು ಅಕ್ಷರ: ಕಾವಲುಗಾರ ೩.
ಆ ಕಡೆ ಆರು ಹೆಜ್ಜಿ, ಈ ಕಡೆ ಆರು.
ಅವನ ಒಂದೇ ಒಂದು ಇಂಗ್ಲಿಷ್ ಮಾತು
ನನ್ನ ಕನ್ನಡದಾಗ: "ಗಾಳಿ ಬದಲಾಗೇತಿ, ದಾರಿಕಾರ."
ಅಂದು, ಏನೋ ಮರತವನಂಗ
ಒಂದು ಗಳಿಗಿ ಕೆಳಗ ನೀರು ನೋಡತಾನ.

ಒಂದು ರಾತ್ರಿ ಎಣಿಸಿದೆ.
ಇನ್ನೂರಾ ಹನ್ನೊಂದು ಮಂದಿ
ಅವನ ಮೈಯೊಳಗಿಂದ ಹಾದು ಹೋದರು.
ಅವತ್ತೇ ಪ್ರೆಸ್ಸಿನ ರದ್ದಿ ಹಾಳಿ ಬೆನ್ನಿಗೆ ಬರದೆ:
ಕಾವಲುಗಾರ ಮೂರಕ್ಕ ಒಬ್ಬಾಕಿ ಮಗಳದಾಳ.

ದಾದಾಪೀರ ಓದಿ ನಕ್ಕ, ಸೋಲ್ಡರಿಂಗ್ ಸಳಿ ಕೆಳಗಿಟ್ಟು.
"ಅಂವಗ ಮನೀನ ಇಲ್ಲ ಅಕ್ಕಾರ, ಮಗಳೆಲ್ಲಿಂದ ಬಂದ್ಳು?
ಗೇಮ್ ಮಾಡಿದವರು ಕೊಟ್ಟಿಲ್ಲ."
ಕೊಟ್ಟಿಲ್ಲ, ಖರೆ.
ಆದರ ಮೂರು ಅಂತ ಯಾಕಂದರು?
ಒಂದು, ಎರಡು ಎಲ್ಲಿ? ನಕಾಶೆ ತುಂಬ ಹುಡುಕೀನಿ, ಇಲ್ಲ.
ಅಣ್ಣಗೋಳು ಇರಬೇಕು,
ಮನಿ ಪಾಲಾದಾಗ ಮುನಿಸ್ಕೊಂಡು ಹೋದವರು.
ದಾದಾಪೀರ ನಗೂದು ಬಿಟ್ಟ.
ಅವನೂ ಮೂರನೇದಂವ.

ಬುತ್ತಿಗೆ ರೊಟ್ಟಿ ಕಟ್ಟಿದೆ, ಅದಕ್ಕೂ ತಕರಾರು:
ಆ ಲೋಕದಾಗ ಜ್ವಾಳ ಬೆಳಿಯೂದಿಲ್ಲಂತ.
ನೈರುತ್ಯ ಮೂಲ್ಯಾಗ, ನಕಾಶೆ ಹರಕೊಂಡ ಕಡೆ,
ಕರ್ರಗ ಒಂದು ಬಯಲೈತಿ.
ರಾಕ್ಷಸಿಲ್ಲ, ನಿಧಿಯಿಲ್ಲ, ಅದಕ್ಕ ಯಾರೂ ಹೋಗಿಲ್ಲ.
ನಾ ಹೋಗೀನಿ.
ಎರಿ ಭೂಮಿ ಅದು.
ಫೋನಿನ ಗಾಜಿಗೆ ಹತ್ತಲಿಲ್ಲ, ಅಷ್ಟ.

ಮಗಳ ಹೆಸರು ಹೊಳೆವ್ವ.
ವರ, ಪೇಟ್ಯಾಗ ಬಾಣ ಮಾರೂ ಹುಡುಗ.
ಅಂವಗೂ ಹೆಸರಿರಲಿಲ್ಲ; ತಡಾ ಆಗಲಿ ಅಂತ ಎರಡು ದಿನ ಯೋಚಿಸಿ
ಶಂಕ್ರೆಪ್ಪ ಅಂತ ಇಟ್ಟೆ.
ಹಂದರ ಎಲ್ಲಿ ಹಾಕಸೂದು?
ಅಪ್ಪ ಸೇತುವೆ ದಾಟಂಗಿಲ್ಲ.
ಸೇತುವೆ ಮ್ಯಾಲೇ ಹಾಕಿಸಿದೆ.
ಧಾರಿ ಎರಿಯಾಕ ಆರು ಹೆಜ್ಜಿ ಸಾಕಾಗತಾವ,
ಏಳನೇದರಿಂದ ಆಕಿ ದಾರಿ ಆಕಿದು.

ಕಥಿ ಮುಗದ ಮ್ಯಾಲೂ ಕೈ ನಿಲ್ಲಲಿಲ್ಲ.
ಉಳದ ಅರಿಷಿಣ ಕಾರ್ಡಿನ ಮ್ಯಾಲ ಒಂದೇ ಪ್ರತಿ ತಗದೆ.
ಸುಖಾಗಮನ ಬಯಸುವವರು:
ಕಾವಲುಗಾರ ೧, ಕಾವಲುಗಾರ ೨ (ಸಿಟ್ಟು ಮರತು ಬಂದವರು),
ಕುದುರಿ ಲಾಳದ ಮುದುಕಿ, ದೀಪಸ್ತಂಭದ ಬೆಕ್ಕು,
ದಾದಾಪೀರ ಮುಲ್ಲಾನವರ, ಲೆವೆಲ್ ತೊಂಬತ್ತೆರಡು.

ಮಾಲಕ ಫಕೀರಸಾ ಬಾಕಳೆ ಅವರ ಕೈಗೇ ಸಿಕ್ತು.
ಚಾಳೀಸು ಏರಿಸಿ, ಕೆಂಪು ಪೆನ್ನು ತಗದು,
"ವರ್ಡೇನ ಯಾವ ತಾಲೂಕು? ಅಡ್ವಾನ್ಸ್ ಎಲ್ಲಿ?"
ನಾ ಸುಮ್ಮನಿದ್ದೆ.
ಅವರು ಕೆಳಗಿಂದ ಮ್ಯಾಲಕ ಓದೂ ಮನಷ್ಯಾ.
"ಎಲ್ಲಾ ಹಾಕೀದಿ, ಹುಡುಗಿ ತಾಯಿ ಹೆಸರೆಲ್ಲೈತಿ?
ಇದ್ದಾಳೋ, ಮುಂದ 'ದಿ.' ಹಚ್ಚೂದೋ?
ಪಾರ್ಟೀನ ಕೇಳು."

ಹದಿನಾರು ವರ್ಷದಾಗ
ಒಂದು ಹೆಸರೂ ಬಿಟ್ಟಾಕ್ಯಲ್ಲ ನಾ.

ರಾತ್ರಿ ಹೋಗಿ ಅವನ ಎದುರು ನಿಂತೆ.
ಒತ್ತಿದೆ.
"ಗಾಳಿ ಬದಲಾಗೇತಿ, ದಾರಿಕಾರ."
ಅಂದ. ನೀರು ನೋಡಿದ.
ಮತ್ತೊಮ್ಮೆ ಒತ್ತಿದೆ.
ನೀರು ನೋಡಿದ.
ನಾನೂ ಬಾಗಿ ನೋಡಾಕ ಹತ್ತಿದೆ.

ಹಿಂದಿನಿಂದ ಯಾರೋ ಓಡುತ್ತ ಬಂದು
ನನ್ನ ಮೈಯೊಳಗಿಂದ ಹಾದು ಹೋದರು.