ಹಲ್ಲಿನ ಹತ್ತಿರ ಇಳಿಸು

ಹರ್ಗೇಸಾದ ಬೀದಿಗಳಿಗೆ ಹೆಸರಿದ್ದರೂ ಯಾರ ಬಾಯಲ್ಲೂ ಇಲ್ಲ.
ಹಲ್ಲಿನ ಹತ್ತಿರ ಇಳಿಸು ಅನ್ನುತ್ತಾರೆ,
ಒಂಟಿ ಬೂಟಿನ ಎದುರು,
ಕುರಿ ನಗುವ ಕಡೆ.
ಹತ್ತೊಂಬತ್ತು ವರ್ಷದಿಂದ ಈ ಮಿನಿಬಸ್ಸಿನ ಬಾಗಿಲಿಗೆ ಜೋತುಬಿದ್ದು
ನಾನೂ ಅದನ್ನೇ ಕೂಗುತ್ತೇನೆ.

ಯುದ್ಧ ಮುಗಿದು ಜನ ತಿರುಗಿ ಬಂದು
ಮನೆಗಿಂತ ಮೊದಲು ಅಂಗಡಿಗೆ ಗೋಡೆ ಎಬ್ಬಿಸಿದಾಗ
ಬಣ್ಣದ ಡಬ್ಬಿ ಹಿಡಿದು ಬಂದವನು ವರ್ಸಮೆ.
ಓದು ಬಾರದವರ ಬೀದಿಗೆ ಓದು ಬಾರದ ಪೇಂಟರು.
ಮೂರು ಬೇರಿನ ಹಲ್ಲು, ಆಳೆತ್ತರ,
ಬೇರಿನ ತುದಿಗೆ ಒಂದೊಂದು ಹನಿ ರಕ್ತ,
ನೋವು ಗೊತ್ತಾಗಲಿ ಅಂತ.
ಅವನ ಒಂಟೆಗಳಿಗೆಲ್ಲ ಒಂದೇ ರೆಪ್ಪೆ.
ಅದು ಅವನ ಹೆಂಡತಿ ಇದಿಲಳದು ಎಂದು
ಹಾಲಿನ ಹೆಂಗಸರು ಕಿಸಿಕಿಸಿ ನಗುತ್ತಿದ್ದರು.

ಅಕ್ಷರವನ್ನೂ ಅವನು ನೋಡಿಯೇ ಬರೆದ, ಕುರಿ ಬರೆದ ಹಾಗೆ.
ನಮ್ಮ ಮಾತಿನಲ್ಲಿ ಹಾಲಿಗೆ ಆನೋ,
ಬಾಯಿ ತೆರೆದು ಎಳೆಯಬೇಕು.
ದೇಕಾಳ ಗೋಡೆಯಲ್ಲಿ ಕಿಟಕಿ ಅಡ್ಡ ಬಂತು,
ಒಂದಕ್ಷರ ಹಿಡಿಸಲಿಲ್ಲ,
ದೀರ್ಘ ಬಿದ್ದುಹೋಯಿತು.
ಅನೋ! ಎಂದು ಓದಿ ಮೇಷ್ಟ್ರು ಬೈದರು.
ವಾರ ಕಳೆಯುವಷ್ಟರಲ್ಲಿ ಇಡೀ ಕೇರಿ ಅನೋ.
ಅಲ್ಲಿ ಹುಟ್ಟಿದವರು ಅನೋದವರು.
ಅನೋದ ಫುಟ್‌ಬಾಲ್ ತಂಡ
ಒಂದು ಸಲವೂ ಗೆದ್ದದ್ದು ನಾನು ಕಾಣೆ.

ಈಗ ಫ್ಲೆಕ್ಸ್. ರಾತ್ರೋರಾತ್ರಿ ಬರುತ್ತದೆ, ಕಾಗುಣಿತ ಸರಿ ಇರುತ್ತದೆ,
ಎರಡು ಬೇಸಿಗೆಗೆ ಕೆಂಪು ಹಾರಿ
ಮಾಂಸದಂಗಡಿಯ ತೊಡೆಗಳೆಲ್ಲ ನೀಲಿ.
ಹಲ್ಲಿದ್ದ ಗೋಡೆ ಕೆಡವಿ ಗಾಜಿನ ಬ್ಯಾಂಕು ಕಟ್ಟಿದ್ದಾರೆ.
ಜನ ಹಲ್ಲಿನ ಹತ್ತಿರವೇ ಇಳಿಯುತ್ತಾರೆ.
ಹೊಸಬರು ಎಲ್ಲಪ್ಪಾ ಹಲ್ಲು ಎಂದರೆ
ಬಿದ್ದ ಹಲ್ಲಿನ ಸಂದಿಗೆ ನಾಲಿಗೆ ಹೋಗುವಂತೆ
ನನ್ನ ಬೆರಳು ತಾನಾಗಿ ಅತ್ತ ಹೋಗುತ್ತದೆ.

ಮೊನ್ನೆ ಗುರುವಾರ ವರ್ಸಮೆ ಹತ್ತಿದ.
ಎರಡೂ ಕಣ್ಣಿಗೆ ಪೊರೆ. ಮೊಮ್ಮಗನ ಹೆಗಲೇ ಊರುಗೋಲು.
ಅನೋದಲ್ಲಿ ಇಳಿಸು ಎಂದ.
ನೋಟಿನ ಕಂತೆ ಬಿಚ್ಚಿದ. ಬೇಡ ಅಂದೆ. ಬೈದು ಕೊಟ್ಟ.
ಇಳಿಯುವ ಮುಂಚೆ ಕೇಳಿದ:
ಹೇಗಿದೆಯೋ ಬಣ್ಣ?
ಎದುರಿಗೆ ಮೊಬೈಲ್ ಅಂಗಡಿ,
ಅದರ ಮೆಟ್ಟಿಲ ಮೇಲೆ ರಟ್ಟು ತಿನ್ನುತ್ತಿದ್ದ ಮೇಕೆ.
ಮೊಮ್ಮಗ ನನ್ನ ಮುಖ ನೋಡಿದ.
ಅಂಚಿನಲ್ಲಿ ಸ್ವಲ್ಪ ಎದ್ದಿದೆ, ಅಂದೆ.

ಏಳದೆ ಇನ್ನೇನು,
ಅಲ್ಲಿ ಎರಡನೇ ಕೈ ಬಣ್ಣಕ್ಕೆ ದೇಕಾ ಕಾಸು ಬಿಚ್ಚಲಿಲ್ಲ,
ಎಂದು ಗೊಣಗುತ್ತ
ಕಾಲಿನಿಂದ ನೆಲ ತಡಕಿ ಇಳಿದ.